ಮೂರನೇ ಟಾಕ್‌ಗೆ ಹನ್ನೊಂದೇ ಜನ: ಸರಣಿ ನಿಲ್ಲಿಸಿಬಿಡಬೇಕಾ?

ಪ್ರಶ್ನೆ: ಸರ್, ನಾನು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮ್ ಓದುತ್ತಿದ್ದೇನೆ. ನಮ್ಮ ಸ್ಟೂಡೆಂಟ್ ಕ್ಲಬ್‌ನಲ್ಲಿ 45 ಜನ ಇದ್ದೇವೆ. ಈ ಸೆಮಿಸ್ಟರ್‌ನಲ್ಲಿ ಎಂಟು ಟೆಕ್ ಟಾಕ್ ಮಾಡೋಣ, ಭಾಷಣದ ತರ ಬೇಡ, ಸುಮ್ನೆ ಕೂತು ಮಾತಾಡೋ ತರ ಇರಲಿ ಅಂತ ಶುರು ಮಾಡಿದೆವು. ಮೊದಲನೆಯದಕ್ಕೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿಯೊಬ್ಬರು ಬಂದು ಎಐ ಬಗ್ಗೆ ಮಾತಾಡಿದರು. ಸೆಮಿನಾರ್ ಹಾಲ್‌ನಲ್ಲಿ 110 ಜನ. ಎರಡನೆಯದು ಒಂದು ಶನಿವಾರ, 38 ಜನ. ಮೂರನೆಯದು ಸೋಮವಾರ ಸಂಜೆ ಐದಕ್ಕೆ. ನಮ್ಮದೇ ಕ್ಲಾಸಿನ ಹುಡುಗ, ಕೋಡಿನ ಹಳೆ ಹೊಸ ರೂಪಗಳನ್ನೆಲ್ಲ ಕಾಪಾಡಿಡುವ ಗಿಟ್ ಅನ್ನೋ ಸಾಫ್ಟ್‌ವೇರ್ ಬಗ್ಗೆ ಮಾತಾಡಿದ. ಬಂದವರು 11. ಅವನು ತುಂಬಾ ಬೇಜಾರು ಮಾಡಿಕೊಂಡಿದ್ದಾನೆ. ನಾಲ್ಕನೆಯದಕ್ಕೆ ಹೆಸರು ಕೊಟ್ಟಿದ್ದ ಸೆಕೆಂಡ್ ಇಯರ್ ಹುಡುಗಿ ಈಗ ಹಿಂದೇಟು ಹಾಕುತ್ತಿದ್ದಾಳೆ. ಅವಳ ವಿಷಯ, ಅಪ್ಪನ ಅಡಿಕೆ ತೋಟಕ್ಕೆ ಮಾಡಿದ ಮಣ್ಣಿನ ತೇವ ಅಳೆಯುವ ಸೆನ್ಸರ್. ಆದರೆ ಅದು ಮೂರು ವಾರಕ್ಕೇ ತುಕ್ಕು ಹಿಡಿದು ಕೆಟ್ಟಿತಂತೆ. 'ಕೆಲಸ ಮಾಡದ್ದನ್ನ ಏನಂತ ತೋರಿಸಲಿ, ಇಂಗ್ಲಿಷ್ ಬೇರೆ ಬರಲ್ಲ' ಅನ್ನುತ್ತಾಳೆ. ನಮ್ಮ ವಿಭಾಗದ ಮುಖ್ಯಸ್ಥರು, ಎಚ್‌ಒಡಿ ಸರ್, 'ಅಟೆಂಡೆನ್ಸ್ ಕೊಟ್ಟು ಕಡ್ಡಾಯ ಮಾಡೋಣ' ಅನ್ನುತ್ತಾರೆ. ಸೀನಿಯರ್‌ಗಳು ದೊಡ್ಡ ಹೆಸರಿನವರನ್ನೇ ಕರೆಸಿ ಅನ್ನುತ್ತಾರೆ. ಒಂದು ಟ್ರೈನಿಂಗ್ ಇನ್‌ಸ್ಟಿಟ್ಯೂಟ್‌ನವರು ಫ್ರೀಯಾಗಿ ಟಾಕ್ ಕೊಡುತ್ತೇವೆ ಅಂದಿದ್ದಾರೆ. ನಮ್ಮ ಹತ್ತಿರ ಇರುವುದು 6,000 ರೂಪಾಯಿ. ಏನು ಮಾಡೋದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಲೆತುಹೋಗಿವೆ. ಒಂದು, ಜನ ಕಡಿಮೆಯಾದರು ಅನ್ನೋದು. ಇನ್ನೊಂದು, ಮಾತಾಡಿದ ಹುಡುಗನಿಗೆ ಅವಮಾನ ಆಯಿತು ಅನ್ನೋದು. ಎರಡನೆಯದು ನಿಜವಾದ ಸಮಸ್ಯೆ. ಮೊದಲನೆಯದು ಅಷ್ಟು ದೊಡ್ಡದಲ್ಲ.

ನಾನು ಹನ್ನೆರಡು ವರ್ಷ ಕಂಪನಿಗಳಲ್ಲಿ ಕೋಡ್ ಬರೆದು, ಆಮೇಲೆ ಪಾಠ ಹೇಳೋಕೆ ಬಂದವನು. ಕ್ಲಬ್ ನೋಡಿಕೊಳ್ಳೋ ಕೆಲಸ ಹೊಸಬ ಅಂತ ನನ್ನ ತಲೆಗೆ ಕಟ್ಟಿದರು. ಆಗಿನಿಂದ ನೋಡುತ್ತಿದ್ದೇನೆ, ಪ್ರತಿ ವರ್ಷ ಇದೇ ಲೆಕ್ಕ. ಮೊದಲ ದಿನ ನೂರು, ಮೂರನೇ ದಿನ ಹತ್ತು. ಮೊದಲ ದಿನ ಬಂದ 110 ಜನ ಟಾಕ್ ಕೇಳೋಕೆ ಬಂದವರಲ್ಲ. ಅರ್ಧ ಜನ ಕ್ಲಾಸ್ ಬಿಟ್ಟರು ಅಂತ ಬಂದರು. ಕಾಲು ಭಾಗ, ಬೆಂಗಳೂರಿನ ಸೀನಿಯರ್ ಹತ್ತಿರ ರೆಫರಲ್ ಕೇಳಬಹುದು ಅಂತ ಬಂದರು. ಉಳಿದವರಿಗೆ ಏನೋ ಕುತೂಹಲ. ಆ ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡರೆ ಮುಂದಿನದೆಲ್ಲ ಸೋಲಿನ ಹಾಗೇ ಕಾಣುತ್ತದೆ. ಸೋಮವಾರ ಸಂಜೆ ಐದಕ್ಕೆ, ಅಟೆಂಡೆನ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಆದರೂ ಗಿಟ್ ಬಗ್ಗೆ ಕೇಳೋಕೆ 11 ಜನ ಉಳಿದರು ಅಲ್ವಾ? ನಿಮ್ಮ ಕ್ಲಬ್ ಅಂದರೆ ಅವರೇ. ಉಳಿದ 34 ಹೆಸರು ವಾಟ್ಸಾಪ್ ಗ್ರೂಪಿನದು.

1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಒಬ್ಬರ ಮನೆಯ ಗ್ಯಾರೇಜಿನಲ್ಲಿ ಒಂದು ಸಭೆ ಸೇರಿತು. ಕಂಪ್ಯೂಟರ್ ಹವ್ಯಾಸಿಗಳ ಕೂಟವಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್‌ನ ಮೊದಲ ಸಭೆ ಅದು. ಬಂದವರು ಮೂವತ್ತರ ಆಸುಪಾಸು. ಮುಂದೆ ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಅಲ್ಲಿದ್ದರು. ಆಪಲ್‌ನ ಮೊದಲ ಕಂಪ್ಯೂಟರ್ ಆಪಲ್-1 ಆದ ಬೋರ್ಡನ್ನು ಅವರು ಮೊದಲು ತೋರಿಸಿದ್ದು ಇದೇ ಕ್ಲಬ್ಬಿನ ಗೆಳೆಯರಿಗೆ. ನಿಮ್ಮ ಹನ್ನೊಂದರಲ್ಲೂ ಒಬ್ಬ ವೋಜ್ನಿಯಾಕ್ ಇದ್ದಾನೆ ಅಂತ ಹೇಳೋಕೆ ಈ ಕಥೆ ಎತ್ತಲಿಲ್ಲ. ಆ ಸಭೆ ನಡೆಯುತ್ತಿದ್ದ ರೀತಿ ನನಗೆ ಇಷ್ಟ. ಮೊದಲು ಎಲ್ಲರೂ ಎದ್ದು ನಿಂತು, ತಮ್ಮ ಹತ್ತಿರ ಏನಿದೆ, ತಮಗೆ ಏನು ಬೇಕು ಅಂತ ಎರಡು ಮಾತು ಹೇಳುತ್ತಿದ್ದರು. ಆಮೇಲೆ ಬೇಕಾದವರು ಬೇಕಾದವರ ಹತ್ತಿರ ಹೋಗಿ ಮಾತಾಡುತ್ತಿದ್ದರು. ಅರ್ಧ ಮುಗಿದ ಕೆಲಸವನ್ನು ಸಂಕೋಚವಿಲ್ಲದೆ ತೋರಿಸಬಹುದಾದ ಜಾಗ ಅದು. ನಿಮ್ಮ ಸೆಮಿನಾರ್ ಹಾಲ್ ಅಂಥ ಜಾಗವಾ, ಯೋಚಿಸಿ.

ಇಲ್ಲಿಗೆ ಬಂದ ಮೇಲೆ ಒಂದು ಮಾತು ಕೇಳಲೇಬೇಕು. ನಿಮ್ಮ ಮೊದಲ ಟಾಕ್‌ನಲ್ಲಿ ಪ್ರಾರ್ಥನೆ ಇತ್ತಾ? ಸ್ವಾಗತ ಭಾಷಣ? ದೀಪ ಹಚ್ಚೋದು, ಅತಿಥಿ ಪರಿಚಯ, ಎಚ್‌ಒಡಿ ಎರಡು ಮಾತು, ಪ್ರಿನ್ಸಿಪಾಲರ ಎರಡು ಮಾತು, ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೆ ವಂದನಾರ್ಪಣೆ? ನೀವು ಬರೆದಿಲ್ಲ, ಆದರೆ ಇತ್ತು ಅಂತ ಬಾಜಿ ಕಟ್ಟುತ್ತೇನೆ. ನಾನು ಮೊದಲು ಕ್ಲಬ್ ನೋಡಿಕೊಂಡ ಕಾಲೇಜಿನಲ್ಲಿ ಒಂದು ಸಲ ಗಡಿಯಾರ ಹಿಡಿದು ಕೂತಿದ್ದೆ. ಮೂರು ಗಂಟೆಗೆ ಶುರುವಾಗಬೇಕಿದ್ದ ಕಾರ್ಯಕ್ರಮದಲ್ಲಿ ಅತಿಥಿಯ ಕೈಗೆ ಮೈಕ್ ಸಿಕ್ಕಿದ್ದು ಮೂರು ಐವತ್ತಕ್ಕೆ. ಪಾಪ, ಅವರು ಮೈಸೂರು ಪೇಟ ತೊಟ್ಟುಕೊಂಡೇ ಡೇಟಾಬೇಸ್ ಇಂಡೆಕ್ಸ್ ಬಗ್ಗೆ ಹೇಳಿದರು, ತೆಗೆಯೋದಾ ಬೇಡವಾ ಅಂತ ಗೊತ್ತಾಗದೆ. ಇಷ್ಟೆಲ್ಲ ಆದ ಮೇಲೆ ಕೈ ಎತ್ತಿ 'ಸರ್, ಇದು ಅರ್ಥ ಆಗಲಿಲ್ಲ' ಅನ್ನೋಕೆ ಯಾವ ಹುಡುಗನಿಗೆ ಧೈರ್ಯ ಬರುತ್ತದೆ? ಮರ್ಯಾದೆ ಮಾಡೋದು ತಪ್ಪಲ್ಲ. ಕಾಲೇಜ್ ಡೇಗೆ ಅದು ಚೆನ್ನ. ಆದರೆ ಪೇಟ ಇಟ್ಟ ಕಡೆ ಹರಟೆ ಹುಟ್ಟುವುದಿಲ್ಲ.

ಆದ್ದರಿಂದ ಮೊದಲು ಸೆಮಿನಾರ್ ಹಾಲ್ ಬಿಡಿ. 200 ಕುರ್ಚಿಯ ಹಾಲ್‌ನಲ್ಲಿ 11 ಜನ ಕೂತರೆ ಹೆಣದ ಮನೆಯ ಕಳೆ. ಅದೇ ಹನ್ನೊಂದು ಜನ ಒಂದು ಸಣ್ಣ ಲ್ಯಾಬ್‌ನಲ್ಲಿ ಬೋರ್ಡಿನ ಸುತ್ತ ಕೂತರೆ ಜಾಗ ಸಾಲದು ಅನಿಸುತ್ತದೆ. ನಿಮ್ಮ ಗೆಳೆಯನಿಗೆ ಆದ ಬೇಜಾರಿನಲ್ಲಿ ಅರ್ಧ ಪಾಲು ಆ ಖಾಲಿ ಕುರ್ಚಿಗಳದು.

ಈಗ ಜನ ಯಾಕೆ ಉದುರಿದರು ಅನ್ನೋದಕ್ಕೆ ಬರೋಣ. 'ನಮ್ಮ ಹುಡುಗರಿಗೆ ಆಸಕ್ತಿನೇ ಇಲ್ಲ' ಅನ್ನೋದು ಎಲ್ಲ ಕಾಲೇಜಿನಲ್ಲೂ ಕೇಳುವ ಮಾತು. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ನೀವು ಕೊಟ್ಟ ವಿವರದಲ್ಲೇ ಕಾರಣ ಕಾಣುತ್ತದೆ. ಒಂದು ಟಾಕ್ ಯಾವುದೋ ದಿನ, ಇನ್ನೊಂದು ಶನಿವಾರ, ಮತ್ತೊಂದು ಸೋಮವಾರ ಐದಕ್ಕೆ. ಹರಿಹರದಿಂದ, ಹೊನ್ನಾಳಿಯಿಂದ, ಜಗಳೂರಿನಿಂದ ಓಡಾಡುವ ಹುಡುಗರು ಎಷ್ಟು ಜನ ಇದ್ದಾರೆ ಅಂತ ಎಣಿಸಿ ನೋಡಿ. ಕಾಲೇಜ್ ಬಸ್ ಹೊರಟ ಮೇಲೆ ಉಳಿದರೆ ಅವರು ಸ್ವಂತ ಖರ್ಚಿನಲ್ಲಿ ಎರಡು ಬಸ್ ಬದಲಿಸಿ ರಾತ್ರಿ ಮನೆ ಸೇರಬೇಕು. ಲೇಡೀಸ್ ಹಾಸ್ಟೆಲ್ ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ? ಸಂಜೆ ಐದರ ಟಾಕ್ ಎಂದರೆ ಊರಲ್ಲೇ ರೂಮ್ ಮಾಡಿಕೊಂಡಿರುವ ಹುಡುಗರಿಗೆ ಮಾತ್ರ ಟಾಕ್. ಇದನ್ನು ಆಸಕ್ತಿಯ ಕೊರತೆ ಅನ್ನಬೇಡಿ.

ಟೈಮ್‌ಟೇಬಲ್ ನೋಡಿ, ಕಾಲೇಜ್ ಅವಧಿಯ ಒಳಗೇ ಬರುವ ಒಂದು ಗಂಟೆ ಹುಡುಕಿ. ಬಹಳ ಕಾಲೇಜಿನಲ್ಲಿ ವಾರಕ್ಕೊಂದು ಲೈಬ್ರರಿ ಅಥವಾ ಮೆಂಟರಿಂಗ್ ಪೀರಿಯಡ್ ಇರುತ್ತದೆ. ಇಲ್ಲದಿದ್ದರೆ ಊಟದ ಹೊತ್ತು ಆಗಬಹುದು, ಡಬ್ಬಿ ತಂದುಕೊಂಡು ಕೂರಲಿ. ಒಂದು ಸಲ ದಿನ ಗೊತ್ತುಮಾಡಿದಿರೋ, ಮತ್ತೆ ಬದಲಿಸಬೇಡಿ. ಸ್ಪೀಕರ್‌ಗೆ ಅನುಕೂಲ ಅಂತಲೂ ಬದಲಿಸಬೇಡಿ. ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಅಂದರೆ ಅಲ್ಲಿ ಉಪನ್ಯಾಸ. ವಿಷಯ ಏನು ಅಂತ ಗೊತ್ತಿಲ್ಲದಿದ್ದರೂ ಜನ ಹೋಗಿ ಕೂರುತ್ತಿದ್ದರು, ಸಂತೆಗೆ ಹೋದ ಹಾಗೆ. ಸಂತೆಯ ದಿನ ವಾರ ವಾರ ಬದಲಾದರೆ ಯಾರು ಚೀಲ ಹಿಡಿದು ಹೊರಡುತ್ತಾರೆ ಹೇಳಿ?

ಮತ್ತೆ ಎಂಟು ಟಾಕ್ ಅನ್ನೋದು ಜಾಸ್ತಿ ಆಯಿತು. ಸೆಮಿಸ್ಟರ್ ಹೆಸರಿಗೆ 16 ವಾರ. ಮೊದಲ ಎರಡು ವಾರ ಟೈಮ್‌ಟೇಬಲ್ಲೇ ಗಟ್ಟಿಯಾಗಿರುವುದಿಲ್ಲ. ಇಂಟರ್ನಲ್ಸ್ ವಾರ, ಅದರ ಹಿಂದಿನ ವಾರ ಯಾರೂ ಬರುವುದಿಲ್ಲ, ಬರಲೂ ಬಾರದು. ಗಣೇಶ, ದಸರಾ, ದೀಪಾವಳಿ ಎಲ್ಲ ಬೀಳುವುದು ಐದನೇ ಸೆಮ್ಮಿನಲ್ಲೇ. ಕೊನೆಯ ಎರಡು ವಾರ ರೆಕಾರ್ಡ್ ಬರೆಯುವುದು, ಲ್ಯಾಬ್ ಪರೀಕ್ಷೆ. ಕೈಗೆ ಸಿಗುವುದು ಎಂಟೋ ಒಂಬತ್ತೋ ವಾರ. ಹದಿನೈದು ದಿನಕ್ಕೊಂದು ಅಂದರೆ ನಾಲ್ಕು, ಹೆಚ್ಚೆಂದರೆ ಐದು. ನೀವು ಆಗಲೇ ಮೂರು ಮುಗಿಸಿದ್ದೀರಿ. ಇನ್ನೆರಡು ಮಾಡಿದರೆ ಸಾಕು. ಆರಂಭಶೂರರಾಗಿ ಎಂಟರ ಪೋಸ್ಟರ್ ಅಂಟಿಸಿ ನಾಲ್ಕಕ್ಕೆ ನಿಲ್ಲಿಸಿದರೆ ಮುಂದಿನ ವರ್ಷ ನಿಮ್ಮ ಪೋಸ್ಟರನ್ನು ಯಾರೂ ನಂಬುವುದಿಲ್ಲ.

ಇನ್ನು ಕಡ್ಡಾಯದ ವಿಚಾರ. ನಿಮ್ಮ ಎಚ್‌ಒಡಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಹಾಲ್ ತುಂಬುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೆ ಒಂದು ವರದಿ ಆಗುತ್ತದೆ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಅಂದರೆ ವಿಟಿಯುನಲ್ಲಿ, 85 ಪರ್ಸೆಂಟ್ ಅಟೆಂಡೆನ್ಸ್ ಅನ್ನೋ ಕತ್ತಿ ಕೆಳಗೇ ಬದುಕುವ ಹುಡುಗನಿಗೆ ನಿಮ್ಮ ಟಾಕ್ ಇನ್ನೊಂದು ಕ್ಲಾಸ್ ಆಗಿಬಿಡುತ್ತದೆ. ಅವನು ಬರುತ್ತಾನೆ, ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಾನೆ. ಪ್ರಶ್ನೆ ಕೇಳಬೇಕು ಅಂತ ಬಂದ 11 ಜನರ ಬಾಯಿಯೂ ಅವನಿಂದ ಕಟ್ಟುತ್ತದೆ, ಯಾಕೆಂದರೆ ಒಂದು ಪ್ರಶ್ನೆ ಕೇಳಿದರೆ ಹಿಂದಿನಿಂದ ನೂರು ಜನ 'ಬಿಡೋ ಮಾರಾಯ, ಬಸ್ ಹೋಗುತ್ತೆ' ಅನ್ನುತ್ತಾರೆ. ಅಟೆಂಡೆನ್ಸ್ ನಿಲ್ಲಿಸಿದ ದಿನ ಸೊನ್ನೆ. ಆದರೂ ಎಚ್‌ಒಡಿಗೆ ಬೇಡ ಅಂತ ಮುಖಕ್ಕೆ ಹೇಳಬೇಡಿ. ಅವರ ಕೈಯಲ್ಲಿರುವ ಬೇರೆ ಸಹಾಯ ಕೇಳಿ. 'ಸರ್, ಸೆಮಿಸ್ಟರ್ ಪೂರ್ತಿ ಈ ಲ್ಯಾಬ್, ಈ ದಿನ, ಈ ಒಂದು ಗಂಟೆ ನಮಗೆ ಬರೆದುಕೊಡಿ' ಅನ್ನಿ. ಕಡ್ಡಾಯಕ್ಕಿಂತ ಆ ಒಂದು ಸಹಿಗೆ ಹತ್ತು ಪಟ್ಟು ಬೆಲೆ. ವರದಿ ಬೇಕೆಂದರೆ ಪ್ರತಿ ಟಾಕ್ ಆದ ಮೇಲೆ ಅರ್ಧ ಪುಟ ಬರೆದುಕೊಡಿ, ಅವರಿಗೂ ಸಮಾಧಾನ.

ದೊಡ್ಡ ಹೆಸರಿನವರನ್ನು ಕರೆಸುವುದು ತಪ್ಪೇನಲ್ಲ, ಆದರೆ ಅವರನ್ನೇ ನಂಬಿಕೊಂಡು ಸರಣಿ ನಡೆಸಬೇಡಿ. ಬೆಂಗಳೂರಿನಿಂದ ಬರುವವರಿಗೆ ಒಂದು ದಿನ ಪೂರ್ತಿ ಹೋಗುತ್ತದೆ. ಹಿಂದಿನ ರಾತ್ರಿ ಆಫೀಸಿನಲ್ಲಿ ಏನೋ ಬಿದ್ದರೆ ಬೆಳಿಗ್ಗೆ 'ಸಾರಿ' ಮೆಸೇಜ್ ಬರುತ್ತದೆ. ಅವರ ತಪ್ಪಲ್ಲ, ನಾನೂ ಹಾಗೆ ಮಾಡಿದ್ದೇನೆ. ಸೆಮಿಸ್ಟರ್‌ಗೆ ಹೊರಗಿನವರು ಒಬ್ಬರು ಸಾಕು. ಅವರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿದರೂ ನಡೆಯುತ್ತದೆ, ಆದರೆ ನಮ್ಮ ಕಡೆಯವರು ಮಾತ್ರ ಒಂದೇ ಕೋಣೆಯಲ್ಲಿ ಕೂಡಬೇಕು. ಎಲ್ಲರೂ ಅವರವರ ಮನೆಯಿಂದ ಸೇರಿದರೆ ಅರ್ಧ ಜನ ಮ್ಯೂಟ್ ಮಾಡಿ ಊಟಕ್ಕೆ ಹೋಗುತ್ತಾರೆ. ಮತ್ತೆ ಕರೆಯುವಾಗ 'ಎಐ ಬಗ್ಗೆ ಮಾತಾಡಿ ಸರ್' ಅನ್ನಬೇಡಿ. 'ನೀವು ಕೆಲಸದಲ್ಲಿ ಮಾಡಿದ ಒಂದು ದೊಡ್ಡ ತಪ್ಪಿನ ಬಗ್ಗೆ 25 ನಿಮಿಷ ಹೇಳಿ' ಅಂತ ಕೇಳಿ. ಒಪ್ಪಿದರೆ ಹಬ್ಬ. ಒಪ್ಪದಿದ್ದರೆ ಅವರು ಸ್ಲೈಡ್ ಓದುವವರು ಅಂತ ಮೊದಲೇ ಗೊತ್ತಾಯಿತು.

ಇನ್‌ಸ್ಟಿಟ್ಯೂಟ್‌ನವರ ಫ್ರೀ ಟಾಕ್ ಬೇಡ. ಫ್ರೀ ಅಂದರೆ ಎಲ್ಲರ ಹೆಸರು, ಮೊಬೈಲ್ ನಂಬರ್ ಬರೆಸಿಕೊಳ್ಳುವ ಹಾಳೆ ಒಂದು ಸುತ್ತು ಬರುತ್ತದೆ ಅಂತ ಅರ್ಥ. ಮುಂದಿನ ಆರು ತಿಂಗಳು 'ಜಾಬ್ ಗ್ಯಾರಂಟಿ ಕೋರ್ಸ್' ಫೋನುಗಳು. ಜೂನಿಯರ್‌ಗಳು ಬೈಯುವುದು ನಿಮ್ಮನ್ನೇ.

ಉಳಿಯಿತು ನೀವೇ ಮಾತಾಡುವ ದಾರಿ. ನನ್ನ ಒಲವು ಇದರ ಕಡೆಗೇ, ಮುಚ್ಚಿಡುವುದಿಲ್ಲ. ಇದರಲ್ಲೂ ಅಪಾಯ ಇದೆ. ವಿದ್ಯಾರ್ಥಿ ತಪ್ಪು ಹೇಳಬಹುದು. ವಿಷಯವನ್ನು ಅಗಲ ಮಾಡಿ ಮುಳುಗಬಹುದು. ಫೈನಲ್ ಇಯರ್‌ನ ಒಬ್ಬ ಬುದ್ಧಿವಂತ ಎದ್ದು, ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳಿ ಅವನನ್ನು ಬೆವರಿಸಬಹುದು.

ಅಗಲದ ವಿಷಯ ಮೊದಲು ನೋಡೋಣ. ನಿಮ್ಮ ಗೆಳೆಯ 'ಗಿಟ್' ಬಗ್ಗೆ ಮಾತಾಡಿದ ಅಂದಿರಿ. ಅಂದರೆ ಇನ್‌ಸ್ಟಾಲ್‌ನಿಂದ ಶುರು ಮಾಡಿ ಎಲ್ಲ ಕಮಾಂಡ್ ಹೇಳಿರಬೇಕು. ಅದು ಯೂಟ್ಯೂಬ್‌ನಲ್ಲಿ ಅವನಿಗಿಂತ ಚೆನ್ನಾಗಿ ಸಿಗುತ್ತದೆ. ಅದರ ಬದಲು 'ನಾನು ಫೋರ್ಸ್ ಪುಶ್ ಹೊಡೆದು ಮಿನಿ ಪ್ರಾಜೆಕ್ಟ್ ಅಳಿಸಿದ್ದು, ಗೆಳೆಯನ ಲ್ಯಾಪ್‌ಟಾಪಿನ ರೆಫ್‌ಲಾಗ್‌ನಿಂದ ವಾಪಸ್ ತಂದದ್ದು' ಅಂತ ಇಟ್ಟಿದ್ದರೆ? (ಫೋರ್ಸ್ ಪುಶ್ ಅಂದರೆ ಎಲ್ಲರೂ ಹಂಚಿಕೊಂಡ ಪ್ರತಿಯ ಮೇಲೆ ಬಲವಂತವಾಗಿ ತನ್ನದನ್ನು ಬರೆಯುವುದು, ರೆಫ್‌ಲಾಗ್ ಅಂದರೆ ಗಿಟ್ ಇಟ್ಟುಕೊಳ್ಳುವ ಹಳೆಯ ಹೆಜ್ಜೆಗಳ ಪಟ್ಟಿ.) ಕಮಿಟ್ ಅಂದರೆ ಏನು, ಬ್ರಾಂಚ್ ಅಂದರೆ ಬರೀ ಒಂದು ಗುರುತು ಅನ್ನೋದು, ಅಳಿಸಿತು ಅಂದುಕೊಂಡದ್ದು ಡಿಸ್ಕ್‌ನಲ್ಲಿ ಇನ್ನೂ ಸ್ವಲ್ಪ ದಿನ ಇದ್ದೇ ಇರುತ್ತದೆ ಅನ್ನೋದು, ಎಲ್ಲವೂ ಆ ಒಂದು ಕಥೆಯಲ್ಲೇ ಬರುತ್ತಿತ್ತು. ಕೇಳುವವನಿಗೂ ಎದೆ ಢವಢವ ಅನ್ನುತ್ತಿತ್ತು, ಯಾಕೆಂದರೆ ಅವನ ಪ್ರಾಜೆಕ್ಟೂ ಅಲ್ಲೇ ಇದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ನನಗೆ ಬಹಳ ಪ್ರಿಯವಾದದ್ದು. 'ಸ್ತ್ರೀ' ಅನ್ನೋದು ನಮಗೆ ಒಂದೇ ಅಕ್ಷರ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಉದ್ದ ಕೇಳಿದರೆ 6 ಅನ್ನುತ್ತದೆ. ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ತ, ವಿರಾಮ, ರ, ದೀರ್ಘ 'ಈ'ಯ ಗುರುತು. ಅದನ್ನೇ ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಫೈಲಿಗೆ ಬರೆದರೆ 18 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು. ಅದೇ ಸಾಲನ್ನು ತಿರುಗಿಸಿ ಪ್ರಿಂಟ್ ಮಾಡಿ ಅಂದರೆ ಏನೇನೋ ಬರುತ್ತದೆ. ಇಲ್ಲಿಂದ ಶುರು ಮಾಡಿದರೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಂಚಾಯ್ತಿ ಆಫೀಸಿನ ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾಕೆ ಕಸದ ಹಾಗೆ ಕಾಣುತ್ತದೆ ಅನ್ನೋವರೆಗೆ ಹೋಗಬಹುದು. ಒಂದು ಸಲ ಒಬ್ಬ ಹುಡುಗ ಇದನ್ನು ಬರೀ ಬೋರ್ಡ್ ಮೇಲೆ ಮಾಡಿದ, ಸ್ಲೈಡ್ ಇಲ್ಲ. ಇಪ್ಪತ್ತು ನಿಮಿಷದ್ದು ಒಂದೂವರೆ ಗಂಟೆ ಆಯಿತು. ಯಾರೂ ಏಳಲಿಲ್ಲ.

ಆ ಹುಡುಗ ಮಾತಾಡಿದ್ದು ಕನ್ನಡದಲ್ಲೇ. ಇಂಗ್ಲಿಷ್ ಬಾರದಿದ್ದರೆ ಟೆಕ್ ಟಾಕ್ ಆಗಲ್ಲ ಅನ್ನೋದು ನಾವೇ ಕಟ್ಟಿಕೊಂಡ ಭಯ. ಪಾಯಿಂಟರ್ ಪಾಯಿಂಟರ್ ಆಗೇ ಇರಲಿ, ಲೂಪ್ ಲೂಪ್ ಆಗೇ ಇರಲಿ. 'ಇದು ಅದನ್ನ ತೋರಿಸ್ತಾ ಇದೆ, ಅದು ಹೋಗಿಬಿಟ್ರೆ ಇದು ಗಾಳಿಯಲ್ಲಿ ನಿಲ್ಲುತ್ತೆ' ಅನ್ನೋಕೆ ಯಾವ ಇಂಗ್ಲಿಷ್ ಬೇಕು? ಹೊರ ರಾಜ್ಯದ ನಾಲ್ಕು ಜನ ಇದ್ದರೆ ಸ್ಲೈಡ್ ಇಂಗ್ಲಿಷಿನಲ್ಲಿಡಿ, ಪಕ್ಕದಲ್ಲಿ ಕೂತ ಗೆಳೆಯ ಹೇಳಿಕೊಡಲಿ. ಇಂಟರ್‌ವ್ಯೂಗೆ ಇಂಗ್ಲಿಷ್ ಬೇಕು, ನಿಜ. ಅದನ್ನು ಬೇರೆ ದಿನ ಕಲಿಯಬಹುದು. ಅರ್ಥ ಮಾಡಿಕೊಳ್ಳುವುದು, ಭಾಷೆ ಕಲಿಯುವುದು ಎರಡನ್ನೂ ಒಂದೇ ಇಪ್ಪತ್ತು ನಿಮಿಷದ ಮೇಲೆ ಹೇರಿದರೆ ಎರಡೂ ಕೆಡುತ್ತವೆ.

ತಪ್ಪು ಹೇಳುವ ಭಯಕ್ಕೆ ಮದ್ದು ರಿಹರ್ಸಲ್. ಎರಡು ದಿನ ಮೊದಲು ಇಬ್ಬರ ಮುಂದೆ ಒಂದು ಸಲ ಹೇಳಿಸಿ. ಒಬ್ಬ ವಿಷಯ ಗೊತ್ತಿದ್ದವನು, ಒಬ್ಬ ಏನೂ ಗೊತ್ತಿಲ್ಲದವನು. ಮೊದಲನೆಯವನು ತಪ್ಪು ಹಿಡಿಯುತ್ತಾನೆ, ಎರಡನೆಯವನು ಎಲ್ಲಿ ಆಕಳಿಸಿದ ಅಂತ ನೋಡಿಕೊಂಡರೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗುತ್ತದೆ. ಮಾತು 20 ನಿಮಿಷ, ಪ್ರಶ್ನೆ 15 ನಿಮಿಷ. ಪೂರ್ತಿ ಟಾಕ್ ಭಯ ಅನ್ನುವವರಿಗೆ ಐದು ನಿಮಿಷದ ಮಿಂಚಿನ ಮಾತು ಇರಲಿ. ಒಂದು ಗಂಟೆಯಲ್ಲಿ ಒಂದು ದೊಡ್ಡದು, ಎರಡು ಸಣ್ಣವು ಹಿಡಿಯುತ್ತವೆ. ಜಪಾನಿನಲ್ಲಿ 2003ರಲ್ಲಿ ಶುರುವಾದ ಪೆಚಾಕುಚಾ ಅನ್ನೋ ಪದ್ಧತಿಯಲ್ಲಿ 20 ಸ್ಲೈಡ್, ಒಂದಕ್ಕೆ 20 ಸೆಕೆಂಡ್, ತಾನಾಗೇ ಮುಂದಕ್ಕೆ ಹೋಗುತ್ತದೆ. ಕೇಳೋಕೆ ಮಜ, ಆದರೆ ಹೊಸಬರಿಗೆ ನಾನು ಹೇಳುವುದಿಲ್ಲ. ಸ್ಲೈಡ್ ಮುಂದೆ ಓಡುತ್ತದೆ, ಹುಡುಗ ಹಿಂದೆ ಓಡುತ್ತಾನೆ.

ಬೆವರಿಸುವ ಸೀನಿಯರ್‌ನನ್ನು ನೀವೇ ನೋಡಿಕೊಳ್ಳಬೇಕು. ಟಾಕ್ ನಡೆಸುವವರ ಮುಖ್ಯ ಕೆಲಸ ಅದೇ. ಮೊದಲ ಎರಡು ಪ್ರಶ್ನೆ ಜೂನಿಯರ್‌ಗಳದ್ದು ಅಂತ ನಿಯಮ ಮಾಡಿ. ಪ್ರಶ್ನೆ ಬರದಿದ್ದರೆ ನೀವೇ ಒಂದು ದಡ್ಡ ಪ್ರಶ್ನೆ ಕೇಳಿ. ಸಂಘಟಕನೇ ದಡ್ಡ ಪ್ರಶ್ನೆ ಕೇಳಿದ ಮೇಲೆ ಉಳಿದವರಿಗೆ ಏನು ನಾಚಿಕೆ? ಸೀನಿಯರ್ ಉದ್ದ ಭಾಷಣ ಶುರು ಮಾಡಿದರೆ 'ಅಣ್ಣ, ಇದು ಚೆನ್ನಾಗಿದೆ, ಮುಂದಿನ ಟಾಕ್ ನಿಂದೇ' ಅಂದುಬಿಡಿ. ಒಂದೋ ಸುಮ್ಮನಾಗುತ್ತಾನೆ, ಇಲ್ಲವೋ ಒಬ್ಬ ಸ್ಪೀಕರ್ ಸಿಕ್ಕ. ರೆಕಾರ್ಡ್ ಮಾಡುವುದಾದರೆ ಮಾತು ಮಾತ್ರ ಮಾಡಿ, ಅದೂ ಹೇಳುವವರನ್ನು ಕೇಳಿ. ಕ್ಯಾಮೆರಾ ಕಂಡರೆ ಪ್ರಶ್ನೆ ಸಾಯುತ್ತದೆ.

6,000 ರೂಪಾಯಿ ಬಗ್ಗೆ ಚಿಂತೆ ಬೇಡ, ಇದು ಸಾಕು, ಬ್ಯಾನರ್ ಮಾತ್ರ ಮಾಡಿಸಬೇಡಿ. ಲ್ಯಾಬಿನ ಪ್ರೊಜೆಕ್ಟರ್‌ಗೆ ವಿಜಿಎ ವೈರ್, ಹೊಸ ಲ್ಯಾಪ್‌ಟಾಪ್‌ಗೆ ಅದರ ಕಿಂಡಿಯೇ ಇರುವುದಿಲ್ಲ. ಆದ್ದರಿಂದ ಒಂದು ಅಡಾಪ್ಟರ್ ಕೊಂಡು ಕ್ಲಬ್ಬಿನ ಹೆಸರಿನಲ್ಲಿ ಇಟ್ಟುಕೊಳ್ಳಿ. ಕಾಲೇಜ್ ವೈಫೈ ನಂಬಿ ಡೆಮೊ ಇಡಬೇಡಿ. ಬೇಕಾದ್ದೆಲ್ಲ ಮೊದಲೇ ಡೌನ್‌ಲೋಡ್ ಮಾಡಿ, ಡೆಮೊ ಓಡಿದಾಗ ಒಂದು ಸಲ ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಪ್ಪು ಹಿನ್ನೆಲೆಯ ಕೋಡ್ ಹಳೆಯ ಪ್ರೊಜೆಕ್ಟರ್‌ನಲ್ಲಿ ಕಾಣುವುದಿಲ್ಲ, ಬಿಳಿ ಮಾಡಿ, ಅಕ್ಷರ ದೊಡ್ಡದು ಮಾಡಿ. ಉಳಿದ ದುಡ್ಡು ಚಹಾ, ಮಂಡಕ್ಕಿ, ಮಿರ್ಚಿಗೆ. ದಾವಣಗೆರೆಯಲ್ಲಿದ್ದುಕೊಂಡು ಬಿಸ್ಕತ್ತು ಕೊಡುವುದು ಅನ್ಯಾಯ. ಆದರೆ ತಿಂಡಿ ಟಾಕ್ ಆದ ಮೇಲೆ ಕೊಡಿ. ಮೊದಲೇ ಕೊಟ್ಟರೆ ತಿಂದು ಹೋಗುತ್ತಾರೆ, ಕೊನೆಗೆ ಕೊಟ್ಟರೆ ತಿನ್ನುತ್ತಾ ನಿಲ್ಲುತ್ತಾರೆ. ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಹಾಗೆ ನಿಂತಾಗಲೇ.

ಈಗ ಆ ಹುಡುಗಿಯ ವಿಷಯ. ಅಗ್ಗದ ತೇವಾಂಶ ಸೆನ್ಸರ್ ಎಂದರೆ ಎರಡು ಲೋಹದ ಕಡ್ಡಿ, ಮಣ್ಣಿನ ಮೂಲಕ ಕರೆಂಟ್ ಹರಿಸಿ ತೇವ ಅಳೆಯುವುದು. ಹಸಿ ಮಣ್ಣಿನಲ್ಲಿ ಡಿಸಿ, ಅಂದರೆ ಒಂದೇ ದಿಕ್ಕಿನ, ಕರೆಂಟ್ ಹಗಲೂ ರಾತ್ರಿ ಹರಿದರೆ ಒಂದು ಕಡ್ಡಿಯ ಲೋಹ ಕರಗಿ ಹೋಗುತ್ತದೆ. ಪಿಯುಸಿಯಲ್ಲಿ ಓದಿದ ಎಲೆಕ್ಟ್ರಾಲಿಸಿಸ್ ಅದೇ, ಪರೀಕ್ಷೆ ಬರೆದು ಮರೆತದ್ದು ತೋಟದಲ್ಲಿ ಬಂದು ನಿಂತಿದೆ. ಅಳೆಯುವ ಕ್ಷಣ ಮಾತ್ರ ಕರೆಂಟ್ ಕೊಟ್ಟರೆ ಇನ್ನಷ್ಟು ದಿನ ಬಾಳುತ್ತದೆ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಹಾಕಿದರೆ ಈ ತೊಂದರೆಯೇ ಇಲ್ಲ, ಆದರೆ ಅದರ ಮೇಲ್ಭಾಗದ ಸರ್ಕ್ಯೂಟ್‌ಗೆ ನೀರು ಹೋಗದ ಹಾಗೆ ಕಾಯಬೇಕು. ಅವಳ ಕೈಯಲ್ಲಿರುವುದು ಕೆಟ್ಟುಹೋದ ಪ್ರಾಜೆಕ್ಟ್ ಅಲ್ಲ, ಇಪ್ಪತ್ತು ನಿಮಿಷದ ಒಳ್ಳೆಯ ಟಾಕ್. ನಿಮ್ಮಲ್ಲಿ ತೋಟ ಇರುವ ಮನೆಯಿಂದ ಬಂದವರು ಎಷ್ಟು ಜನ ಇದ್ದಾರೋ, ಅವರೆಲ್ಲರಿಗೂ ಬೇಕಾದದ್ದು.

ಪೋಸ್ಟರ್ ಹಾಕುವ ಮೊದಲು ಆ ಹನ್ನೊಂದು ಜನಕ್ಕೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಿ, ಗ್ರೂಪಿನಲ್ಲಲ್ಲ. 'ಸೆನ್ಸರ್ ಯಾಕೆ ಕೊಳೆಯಿತು ಅಂತ ಈ ಸಲ ನೋಡೋಣ, ಒಬ್ಬರನ್ನ ಕರ್ಕೊಂಡು ಬಾ' ಅನ್ನಿ. ಗಿಟ್ ಹುಡುಗನನ್ನು ರಿಹರ್ಸಲ್‌ಗೆ ಕೂರಿಸಿ, ಏನೂ ಗೊತ್ತಿಲ್ಲದವನ ಪಾತ್ರ ಅವನಿಗಿರಲಿ. ಮತ್ತೆ ಆ ಹುಡುಗಿಗೆ ಇವತ್ತೇ ಫೋನ್ ಮಾಡಿ, ತುಕ್ಕು ಹಿಡಿದ ಕಡ್ಡಿ ಮನೆಯವರು ಯಾರಾದರೂ ಎಸೆದುಬಿಟ್ಟಾರು, ಎತ್ತಿಡು ಅಂತ ಹೇಳಿ.